ಭಾಮೈದನ ಸುಳ್ಳು ಪೋಸ್ಟಾಫೀಸು

ನನ್ನ ಹೆಂಡತಿಯ ತಮ್ಮ ಏನಿಲ್ಲವೆಂದರೂ ಎಂಟು ಸಾವಿರ ಕಾಗದ ಬರೆದಿದ್ದಾನೆ. ಅವುಗಳಲ್ಲಿ ಒಂದೂ ಯಾರಿಗೂ ತಲುಪಿಲ್ಲ. ತಲುಪಲಿಲ್ಲವಲ್ಲ ಎಂದು ಪಾಪ ಅವನಿಗೆ ಬೇಸರವಿರಬೇಕು ಅಂದುಕೊಂಡಿರಾ? ಅಪ್ಪಿತಪ್ಪಿ ಒಂದೇ ಒಂದು ತಲುಪಿಬಿಟ್ಟಿದ್ದರೆ ಮೂರು ದಿನ ಊಟ ಬಿಡುತ್ತಿದ್ದ! ಯಾರಿಗೂ ಮುಟ್ಟದ ಹಾಗೆ ಕಾಗದ ಬರೆಯುವುದೇ ಅವನ ಕಸುಬು, ಅದರಲ್ಲೇ ಅವನ ಹೆಮ್ಮೆ. ಈ ಹೆಮ್ಮೆಯಿಂದ ಅವನ ಸಂಸಾರವೊಂದು ಕಟ್ಟುವ ಮೊದಲೇ ಕೈತಪ್ಪಿ ಹೋಗುವುದರಲ್ಲಿತ್ತು. ಅದನ್ನೇ ಹೇಳಲು ಹೊರಟಿದ್ದೇನೆ.

ನನ್ನದು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕ. ಒಂದು ಮಿಷನ್ನಿನಿಂದ ಶುರು ಮಾಡಿದವನು ಈಗ ಹದಿನೆಂಟಕ್ಕೆ ಬಂದಿದ್ದೇನೆ. ಹೇಗೆ ಬಂದಿರಿ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ದಾರ ಕೊಳ್ಳಲು ಹೋದಾಗ ಅಂಗಡಿಯವನು ಮೊದಲ ಬೆಲೆ ಹೇಳಿದರೆ ನಗಬೇಕು, ಎರಡನೆಯ ಬೆಲೆ ಹೇಳಿದರೆ ಎದ್ದು ನಿಲ್ಲಬೇಕು, ಮೂರನೆಯದಕ್ಕೆ ಚಪ್ಪಲಿ ಮೆಟ್ಟಿಕೊಳ್ಳಬೇಕು. ನಾಲ್ಕನೆಯ ಬೆಲೆಗೆ ಕೊಳ್ಳಬಹುದು. ನನ್ನ ಭಾಮೈದನಿಗೆ ಈ ವಿದ್ಯೆಯನ್ನು ಹತ್ತು ಸಲ ಕಲಿಸಿದೆ. ಅವನು ದಾರದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ನನ್ನನ್ನೇ ಅಂಗಡಿಯವನನ್ನಾಗಿ ಕೂರಿಸಿ, ನಕ್ಕು, ಎದ್ದು, ಚಪ್ಪಲಿ ಮೆಟ್ಟಿ ನೋಡಿದ. ಅಂಗಡಿಯಲ್ಲಿ ಮೊದಲನೆಯ ಬೆಲೆಯೇ ಸರಿಯಾಗಿತ್ತಂತೆ. ಆದರೂ ಲೆಕ್ಕದ ಪ್ರಕಾರ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಬಂದ. ದಾರ ಬರಲಿಲ್ಲ, ಭಾಮೈದ ಬಂದ.

ಈ ಗುಣ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಮಡಕಶಿರದ ಹುಡುಗ, ಮನೆಯಲ್ಲಿ ಕಡಲೆಕಾಯಿ, ಹಿಪ್ಪುನೇರಳೆ ಇದ್ದವು. ಹದಿನೆಂಟಕ್ಕೇ ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಸೇರಿದ. ಅಲ್ಲಿ ಅವನನ್ನು ಚೆಕಿಂಗ್ ಟೇಬಲ್ಲಿಗೆ ಹಾಕಿದರು. ಹೊಲಿದು ಬಂದ ಬಟ್ಟೆಯನ್ನು ಹಿಂದೆ ಮುಂದೆ ತಿರುವಿ ತಪ್ಪು ಹುಡುಕುವ ಕೆಲಸ. ಆ ಲೋಕದಲ್ಲಿ ಒಂದು ನೇಮವಿದೆ. ಎಷ್ಟೇ ದೊಡ್ಡ ಆರ್ಡರ್ ಇರಲಿ, ಮೊದಲು ಒಂದೇ ಒಂದು ಬಟ್ಟೆ ಹೊಲಿದು ತೋರಿಸಬೇಕು. ಅದು ಸ್ಯಾಂಪಲ್. ಅದಕ್ಕೆ ಒಪ್ಪಿಗೆಯ ಸೀಲು ಬೀಳುವವರೆಗೆ ಬಟ್ಟೆಯ ಥಾನಿಗೆ ಕತ್ತರಿ ಮುಟ್ಟಿಸುವಂತಿಲ್ಲ. ಎಲ್ಲರೂ ಈ ನೇಮವನ್ನು ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಮನೆಗೆ ಹೋಗುತ್ತಾರೆ. ನನ್ನ ಭಾಮೈದ ಮನೆಗೂ ತೆಗೆದುಕೊಂಡು ಹೋದ.

ನಮ್ಮ ಮದುವೆಯ ಹೊತ್ತಿಗೆ ಅವನಿಗೆ ಇಪ್ಪತ್ತು. ಹೆಣ್ಣಿನ ಕಡೆಯವರನ್ನು ಮಡಕಶಿರದಿಂದ ರಾಯದುರ್ಗಕ್ಕೆ ಕರೆತರುವ ಜವಾಬ್ದಾರಿ ಅವನದು. ಪಾವಗಡದಲ್ಲೊಂದು, ಕಲ್ಯಾಣದುರ್ಗದಲ್ಲೊಂದು, ಹೀಗೆ ಬಸ್ಸು ಬದಲಿಸಿಕೊಂಡು ಬರುವ ದಾರಿ. ಮದುವೆಗೆ ಒಂದು ವಾರ ಮುಂಚೆ ಅವನು ಒಬ್ಬನೇ ಅದೇ ದಾರಿಯಲ್ಲಿ ಬಂದು ನೋಡಿದ. ಬರಿಗೈಯಲ್ಲಿ ಬಂದರೆ ಅದು ಸ್ಯಾಂಪಲ್ ಹೇಗಾದೀತು? ಮದುವಣಗಿತ್ತಿಯ ಸೀರೆಗಳ ತೂಕಕ್ಕೆ ಸರಿಯಾಗಿ ಟ್ರಂಕಿನಲ್ಲಿ ಇಟ್ಟಿಗೆ, ಬುತ್ತಿಯ ತೂಕಕ್ಕೆ ಎರಡು ಕ್ಯಾರಿಯರ್ ತುಂಬ ನೀರು! ಕಲ್ಯಾಣದುರ್ಗದಲ್ಲಿ ಕಂಡಕ್ಟರ್ ಟ್ರಂಕು ಎತ್ತಲಾರದೆ, ಇದರಲ್ಲೇನಿದೆಯೆಂದು ತೆಲುಗಿನಲ್ಲಿ ಕೇಳಿದನಂತೆ.

“ಇಂದುಲೋ ಏಮುಂದಯ್ಯಾ?”

“ಇಟ್ಟಿಗೆ.”

“ಇಂದುಲೋ?”

“ನೀರು.”

ಕಂಡಕ್ಟರ್ ಎರಡಕ್ಕೂ ಲಗೇಜ್ ಟಿಕೆಟ್ ಹರಿದುಕೊಟ್ಟ. ಹಾಗೆ ರಾಯದುರ್ಗ ಮುಟ್ಟಿ, ನಮ್ಮ ಮನೆಯಲ್ಲಿ ನೀರು ಚೆಲ್ಲಿ, ಇಟ್ಟಿಗೆಗಳನ್ನು ಹಿತ್ತಲಲ್ಲಿ ಜೋಡಿಸಿ ವಾಪಸು ಹೋದ. ಮುಂದಿನ ವಾರ ಏನಾಯಿತು ಗೊತ್ತೆ? ಅವನು ನೋಡಿ ಹೋದದ್ದು ಶುಕ್ರವಾರ. ದಿಬ್ಬಣ ಹೊರಟದ್ದು ಭಾನುವಾರ. ಪಾವಗಡದಿಂದ ಮುಂದಿನ ಆ ಬಸ್ಸಿಗೆ ಭಾನುವಾರ ರಜೆ! ನನ್ನ ಹೆಂಡತಿ ಕಡಲೆಕಾಯಿ ಲಾರಿಯಲ್ಲಿ, ಮೂಟೆಯ ಮೇಲೆ ಕುಳಿತು ನನ್ನನ್ನು ಮದುವೆಯಾಗಲು ಬಂದಳು. ಲಾರಿ ಇಳಿದವಳೇ ತಮ್ಮನ ಕಿವಿಗೆ ಕೈ ಹಾಕಿದಳು.

“ಸ್ಯಾಂಪಲ್ ಪಾಸಾಗಿತ್ತು ಕಣಕ್ಕ,” ಅಂದ ಅವನು, “ಪ್ರೊಡಕ್ಷನ್‌ನಾಗೆ ಕೆಟ್ಟೋಯ್ತು.”

ಇಷ್ಟಾದ ಮೇಲೆ ಬುದ್ಧಿ ಬಂದಿರಬೇಕು ತಾನೆ? ಬಂತು. ಇನ್ನು ಮುಂದೆ ಒಂದೇ ಸಲ ನೋಡಿದರೆ ಸಾಲದು ಎಂಬ ಬುದ್ಧಿ! ತನಗೆ ಹೆಣ್ಣು ನೋಡುವ ಕಾಲ ಬಂದಾಗ ಅಕ್ಕನನ್ನೇ ಹೆಣ್ಣಿನ ಜಾಗದಲ್ಲಿ ಚಾಪೆಯ ಮೇಲೆ ಕೂರಿಸಿ ನಾಲ್ಕು ದಿನ ಅಭ್ಯಾಸ ಮಾಡಿದ. ಮೊದಲ ಪ್ರಶ್ನೆ ಹೆಸರು, ಎರಡನೆಯದು ಓದು, ಮೂರನೆಯದು ಅಡಿಗೆ, ನಾಲ್ಕನೆಯದು ‘ನಿಮಗೆ ನನ್ನನ್ನು ಏನಾದರೂ ಕೇಳಬೇಕೆ?’. ನಿಜವಾಗಿ ನೋಡಲು ಹೋದ ಗುಡಿಬಂಡೆಯ ಹುಡುಗಿ ಸ್ವಲ್ಪ ಚುರುಕು. ಹೆಸರು ಕೇಳುತ್ತಲೇ ಹೆಸರು, ಓದು, ಅಡಿಗೆ ಎಲ್ಲ ಒಂದೇ ಉಸಿರಿಗೆ ಹೇಳಿ, “ನೀವ್ ಬೆಂಗ್ಳೂರಾಗೆ ಎಲ್ಲಿ ಇರೋದು?” ಎಂದು ಅವನನ್ನೇ ಕೇಳಿದಳು.

“ಅದು ನಾಕನೇದ್ರಾಗೆ ಬರ್ತೈತೆ, ವಸಿ ಇರಿ,” ಅಂದ ನಮ್ಮ ಮಹಾರಾಯ. “ಈಗ ಎರಡನೇದು. ಎಲ್ಲಿ ಗಂಟ ಓದಿದೀರಿ?”

ಅವನು ಮೂರನೆಯದಕ್ಕೆ ಬರುವಷ್ಟರಲ್ಲಿ ಹುಡುಗಿ ಒಳಗೆ ಎದ್ದು ಹೋಗಿದ್ದಳು. ಆಮೇಲೆ ಅವನು ಹೆಣ್ಣು ನೋಡುವುದನ್ನೇ ಬಿಟ್ಟ. ವರ್ಷಗಳು ಉರುಳಿದವು. ನಲವತ್ತೈದು ದಾಟಿದ.

ಬೆಂಗಳೂರಿನ ಆ ಕಾರ್ಖಾನೆ ಬೇರೆ ಊರಿಗೆ ಎದ್ದು ಹೋದಾಗ ನಾನು ಅವನನ್ನು ರಾಯದುರ್ಗಕ್ಕೆ ಕರೆಸಿಕೊಂಡೆ. ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರಿನವರ ಬೆನ್ನ ಹಿಂದೆ ನಿಂತು ನಿಂತೇ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದ. ಇದು ನನಗೆ ಗೊತ್ತಿತ್ತು. ಸಂಬಳದ ಜೊತೆಗೆ ಊಟ, ಮೇಲಿನ ರೂಮು, ಅಕ್ಕನ ಬೈಗುಳ ಮೂರೂ ಪುಕ್ಕಟೆ ಎಂದು ಒಪ್ಪಂದವಾಯಿತು. ನನಗೆ ಬೇಕಾದದ್ದು ಇಷ್ಟೇ. ಅಲ್ಲಿಯವರೆಗೆ ಬಳ್ಳಾರಿಯ ಸಾಹುಕಾರರು ಕತ್ತರಿಸಿ ಕೊಟ್ಟ ಬಟ್ಟೆ ಹೊಲಿದು ಕೊಡುತ್ತಿದ್ದೆವು. ಈಗ ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ನೇರವಾಗಿ ನಮಗೇ ಆರ್ಡರ್ ಕೊಡುವುದಾಗಿ ಹೇಳಿದ್ದ. ಅವನದು ಒಂದೇ ಶರತ್ತು. ಆರ್ಡರ್ ಮುಟ್ಟಿತು, ಕತ್ತರಿಸಿ ಆಯಿತು, ಹೊಲಿದು ಆಯಿತು, ಲಾರಿಗೆ ಹಾಕಿ ಆಯಿತು ಎಂದು ಪ್ರತಿ ಹಂತಕ್ಕೂ ಅವನಿಗೆ ತಾನಾಗಿಯೇ ಈಮೇಲ್ ಹೋಗಬೇಕು. ಭಾಮೈದ ಅಂಥದೊಂದು ಪ್ರೋಗ್ರಾಂ ಬರೆಯಲು ಕುಳಿತ. ಹದಿನೈದು ದಿನದಲ್ಲಿ ಬರೆದೂ ಮುಗಿಸಿದ. ಆಮೇಲೆ ಎರಡು ತಿಂಗಳು ಪರೀಕ್ಷೆ!

ಒಂದು ದಿನ ಹೋಗಿ ನೋಡುತ್ತೇನೆ, ಕಂಪ್ಯೂಟರಿನ ಪರದೆಯ ಮೇಲೆ ಸಾಲು ಸಾಲಾಗಿ ಕಾಗದಗಳು ಬಂದು ಬೀಳುತ್ತಿವೆ.

“ಯಾರಿಗೆ ಹೊಂಟಾವಪಾ ಇವು?” ಅಂದೆ.

“ಯಾರಿಗೂ ಇಲ್ಲ ಭಾವ. ಇದು ಸುಳ್ಳು ಮೇಲ್ ಸರ್ವರ್ರು. ಈ ಕಂಪ್ಯೂಟ್ರು ಒಳಗೇನೆ ಒಂದು ಸುಳ್ಳು ಪೋಸ್ಟಾಫೀಸು ಇಕ್ಕಿದೀನಿ ಅಂತ ತಿಳ್ಕಳಿ. ನಮ್ಮ ಪ್ರೋಗ್ರಾಂ ಬಂದು ಇದರ ಬಾಗಿಲು ಬಡೀತದೆ, ಕಾಗದ ಕೊಡ್ತದೆ. ಇದು ‘ಆಯ್ತು, ತಗಂಡೆ, ಕಳಿಸ್ತೀನಿ’ ಅಂತದೆ. ಕಳ್ಸಲ್ಲ. ಇಲ್ಲೇ ಇಟ್ಕಂಡು ನಮಗೆ ತೋರಿಸ್ತದೆ.”

“ಪ್ರೋಗ್ರಾಂಗೆ ಗೊತ್ತಾಗಂಗಿಲ್ಲೇನು?”

“ಗೊತ್ತಾಗಬಾರ್ದು. ನಿಜವಾದ ಪೋಸ್ಟಾಫೀಸು ಅಂತ ನಂಬಿದ್ರೇನೆ ಅದು ನಿಜವಾಗಿ ಕೆಲ್ಸ ಮಾಡೋದು. ನಿಜವಾದ್ದಕ್ಕೆ ಬೇರೆ ಬಾಗಿಲು, ಇದಕ್ಕೆ ಸಾವಿರದ ಇಪ್ಪತ್ತೈದನೇ ಬಾಗಿಲು. ನಂಬರು ಬದ್ಲಾಯಿಸಿದ್ರೆ ಆಯ್ತು, ಮಿಕ್ಕಿದ್ದೆಲ್ಲಾ ಹಂಗೇ.”

“ಹೋಗಲಾರದ ಕಾಗದ ಬರಿಯೋದು ಯಾಕ?”

“ತಪ್ಪು ಇದ್ರೆ ಇಲ್ಲೇ ಕಾಣ್ಲಿ ಅಂತ. ಹುಬ್ಬಳ್ಳಿಯೋರ್ ಎದುರಿಗೆ ಯಾಕೆ ಮಾನ ಕಳ್ಕಬೇಕು? ಸ್ಯಾಂಪಲ್ ಕಣ್ ಭಾವ.”

ಹೇಳಬಾರದು, ಆದರೆ ಯೋಚನೆ ಸರಿಯಾಗಿಯೇ ಇತ್ತು. ನಿಮಗೂ ಹೇಳುತ್ತೇನೆ, ನೂರಾರು ಜನಕ್ಕೆ ಕಾಗದ ಹಾಕುವ ಯಂತ್ರ ಇಟ್ಟುಕೊಂಡವರು ಮೊದಲು ಇಂಥ ಪೋಸ್ಟಾಫೀಸು ಇಟ್ಟುಕೊಳ್ಳಿ. ಪುಕ್ಕಟೆ ಸಿಗುತ್ತದೆ. ಆದರೆ ನನ್ನ ಭಾಮೈದನಿಗೆ ಕೊಡಬೇಡಿ. ಅವನು ಅದರಲ್ಲಿ ಸಂಸಾರ ಹೂಡುತ್ತಾನೆ!

ಹೇಗೆಂದರೆ, ಪರೀಕ್ಷೆಗೆ ಗ್ರಾಹಕರು ಬೇಕಲ್ಲ? ಅವನು ಸುಳ್ಳು ಗ್ರಾಹಕರನ್ನು ಹುಟ್ಟಿಸಿದ. ಗುಡಿಬಂಡೆಯ ಒಬ್ಬನಿಗೆ ಮೂರು ಸಾಲಿನಷ್ಟು ಉದ್ದದ ಹೆಸರು, ಕಾಗದದ ಅಂಚು ದಾಟುತ್ತದೋ ನೋಡಲು. ಪಾವಗಡದ ಒಬ್ಬನಿಗೆ ಹೆಸರೇ ಇಲ್ಲ, ‘ಮಾನ್ಯ’ದ ಮುಂದೆ ಖಾಲಿ ಬಿದ್ದರೆ ಹೇಗೆ ಕಾಣುತ್ತದೋ ನೋಡಲು. ಹಿಂದೂಪುರದ ಒಬ್ಬ ತೆಲುಗು ಅಕ್ಷರದಲ್ಲಷ್ಟೇ ಬರೆಯುವವನು. ಇನ್ನೊಬ್ಬ ಸೊನ್ನೆ ಪ್ಯಾಂಟಿಗೆ ಆರ್ಡರ್ ಹಾಕುವ ಬೆಪ್ಪ, ಮತ್ತೊಬ್ಬ ಹಾಕಿದ ಆರ್ಡರನ್ನು ದಿನಕ್ಕೆ ಮೂರು ಸಲ ಬದಲಿಸುವ ಸಿಡುಕ. ಊಟಕ್ಕೆ ಕುಳಿತಾಗಲೂ ಅವರದೇ ಸುದ್ದಿ. “ಗುಡಿಬಂಡೆಯೋರದ್ದು ಇವತ್ತು ಸರಿಹೋಯ್ತು ಅಕ್ಕ. ಸಿಡುಕ್ನಂದೇ ಕಷ್ಟ.” ನನ್ನ ಹೆಂಡತಿ ಮುದ್ದೆ ಇಡುತ್ತಾ, “ಅವನಿಗೆ ಮನೇಲಿ ನೆಮ್ಮದಿ ಇಲ್ವೇನೋ ಪಾಪ,” ಅನ್ನುವಳು.

ನಗಬೇಡಿ, ನಾನೂ ಬಿದ್ದೆ. ಒಂದು ಬೆಳಗ್ಗೆ ಅವನಿಲ್ಲದಾಗ ಪರದೆ ನೋಡಿದೆ. ‘ಮಾನ್ಯರೇ, ತಮ್ಮ ನಾಲ್ಕು ಸಾವಿರ ಪ್ಯಾಂಟುಗಳ ಆರ್ಡರ್ ಸ್ವೀಕರಿಸಲಾಗಿದೆ.’ ನಾಲ್ಕು ಸಾವಿರ! ಎದ್ದವನೇ ಬಳ್ಳಾರಿಗೆ ಹೋಗಿ, ನಕ್ಕು, ನಿಂತು, ಚಪ್ಪಲಿ ಮೆಟ್ಟಿ ನಾಲ್ಕು ಸಾವಿರ ಪ್ಯಾಂಟಿಗಾಗುವಷ್ಟು ಹಳದಿ ದಾರ ತಂದೆ. ಸಂಜೆ ಭಾಮೈದ ಬಂಡಲುಗಳನ್ನು ನೋಡಿ ಕೇಳಿದ.

“ಯಾರಿಗೆ ಭಾವ ಇಷ್ಟು?”

“ಗುಡಿಬಂಡಿ ಪಾರ್ಟಿ.”

“ಯಾವ ಪಾರ್ಟಿ? ಮೂರು ಸಾಲು ಹೆಸರಿನೋರಾ?”

“ಹೌದು.”

“ಅವರು ಇಲ್ವಲ್ಲ ಭಾವ.”

“ಎಲ್ಲಿಗೆ ಹೋಗ್ಯಾರ?”

ಆ ದಾರವನ್ನು ಆಮೇಲೆ ಲಾಭಕ್ಕೇ ಮಾರಿದೆ, ಆ ಮಾತು ಬೇರೆ. ಆದರೆ ಇಲ್ಲದ ಗಿರಾಕಿಗಾಗಿ ಅರ್ಧ ದಿನ ಚೌಕಾಸಿ ಮಾಡಿದ ವ್ಯಾಪಾರಿ ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಈ ಸುದ್ದಿ ಹೊಲಿಗೆಯ ಹೆಂಗಸರಿಗೆ ಗೊತ್ತಾಗಿ ವಾರವೆಲ್ಲ ನಕ್ಕರು. ಎಲ್ಲರಿಗಿಂತ ಜಾಸ್ತಿ ನಕ್ಕವಳು ಹೊನ್ನೂರಮ್ಮ.

ಹೊನ್ನೂರಮ್ಮ ನನ್ನ ಲೈನಿನ ಯಜಮಾನಿ. ಲೈನೆಂದರೆ ಒಂದರ ಹಿಂದೊಂದು ಸಾಲಾಗಿ ಕೂತ ಹದಿನೆಂಟು ಮಿಷನ್ನುಗಳು. ಒಬ್ಬಳು ಜೇಬು ಕೂರಿಸಿದರೆ ಮುಂದಿನವಳು ಜಿಪ್ಪು ಹಾಕಬೇಕು. ಎಲ್ಲೂ ತಡೆಯದಂತೆ ಓಡಿಸುವವಳು ಇವಳು. ಊರು ಡಿ. ಹಿರೇಹಾಳ್. ಹನ್ನೊಂದು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿದು ಇಬ್ಬರು ತಂಗಿಯರ ಮದುವೆ ಮಾಡಿದಳು. ಮಾಡುವ ಗಡಿಬಿಡಿಯಲ್ಲಿ ತನ್ನದು ಉಳಿದುಹೋಯಿತು. ವಯಸ್ಸು ನಲವತ್ತರ ಆಚೆ. ದನಿ ಹದಿನೆಂಟು ಮಿಷನ್ನುಗಳ ಸದ್ದನ್ನೂ ದಾಟಿ ಕೇಳುತ್ತದೆ.

ನನ್ನ ಭಾಮೈದ ಅವಳೆದುರು ಮಾತಾಡಿದ್ದನ್ನು ಯಾರೂ ನೋಡಿಲ್ಲ. ಆದರೆ ಅವಳು ಮಿಷನ್ನು ತುಳಿಯುತ್ತಿದ್ದರೆ ಇವನ ಕೈ ಕೀಲಿಮಣೆಯ ಮೇಲೆ ನಿಂತುಬಿಡುತ್ತಿತ್ತು. ಇದನ್ನು ಹದಿನೇಳು ಹೆಂಗಸರೂ, ಬಟ್ಟೆ ಹೊರುವವರೂ, ಚಹಾ ತರುವವನೂ ಕಂಡಿದ್ದರು. ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದವನು ಅವನೊಬ್ಬ.

ಅಷ್ಟರಲ್ಲಿ ಹೊನ್ನೂರಮ್ಮನಿಗೆ ಬೆಂಗಳೂರಿನಿಂದ ಕರೆ ಬಂತು. ಹಿಂದೆ ಕೆಲಸ ಮಾಡಿದ ಕಡೆಯವರು ಸೂಪರ್‌ವೈಸರ್ ಮಾಡುತ್ತೇವೆ, ಬಾ ಎಂದು ಬರೆದಿದ್ದರು. ಬರುತ್ತೀಯೋ ಇಲ್ಲವೋ ಸೋಮವಾರದೊಳಗೆ ತಿಳಿಸಬೇಕು. ಅವಳು ನನ್ನ ಮೇಜಿನ ಮುಂದೆ ಬಂದು ನಿಂತು ಹೇಳಿದಳು.

“ಹೋಗಬೇಕೋ ಬ್ಯಾಡೋ ತಿಳೀವಲ್ದು ನೋಡ್ರಿ ಯಜಮಾನ್ರ.”

“ಇಲ್ಲೇನು ಕಮ್ಮಿ ಆಗೇತಿ ಹೊನ್ನೂರಮ್ಮ? ಹೇಳು, ಕುಂತು ಮಾತಾಡೋಣು.”

“ನೀವು ಚೌಕಾಸಿ ಮಾಡೋವಂಥಾದ್ದು ಏನೂ ಇಲ್ಲ ಬಿಡ್ರಿ,” ಅಂದು, ಕಂಪ್ಯೂಟರಿನ ಕಡೆ ಒಮ್ಮೆ ನೋಡಿ ಹೋದಳು.

ಮೂರು ಬೆಲೆ ಹೇಳುವ ಮೊದಲೇ ಎದ್ದುಹೋದವರನ್ನು ನಾನು ಆವತ್ತೇ ಕಂಡದ್ದು. ಅವಳು ಹೋದರೆ ನನ್ನ ಲೈನು ಕುಂಟುತ್ತದೆ, ನಿಜ. ಆದರೆ ಭಾಮೈದನ ಮುಖ ನೋಡಿದರೆ, ಅಲ್ಲಿ ಕುಂಟುವುದು ಬರೀ ಲೈನಲ್ಲ ಎಂದು ತಿಳಿಯುತ್ತಿತ್ತು. ಊಟ ಅರ್ಧಕ್ಕೆ ಬಿಡುತ್ತಿದ್ದ. ಸುಳ್ಳು ಗ್ರಾಹಕರ ಸುದ್ದಿಯನ್ನೂ ನಿಲ್ಲಿಸಿದ್ದ.

ಬುಧವಾರ ಮಧ್ಯಾಹ್ನ ಹುಬ್ಬಳ್ಳಿಯವರಿಗೆ ಹೋಗಬೇಕಾದ ಕಾಗದದ ಒಕ್ಕಣೆ ಸರಿಯಿದೆಯೇ ನೋಡೋಣವೆಂದು ಕಂಪ್ಯೂಟರಿನ ಮುಂದೆ ಕುಳಿತೆ. ಸುಳ್ಳು ಪೋಸ್ಟಾಫೀಸು ತೆರೆದೇ ಇತ್ತು. ಅದರಲ್ಲಿ ಒಂದು ಹೊಸ ಗ್ರಾಹಕ. ‘ಡಿ. ಹಿರೇಹಾಳದ ಗ್ರಾಹಕರು.’ ಅವರ ಹೆಸರಿಗೆ ಕಾಗದಗಳು, ಮಾದರಿ ಒಂದು, ಮಾದರಿ ಎರಡು, ಹೀಗೆ ಮಾದರಿ ನಲವತ್ತೊಂದರವರೆಗೆ. ಇನ್ನೊಬ್ಬರ ಕಾಗದ ಓದಬಾರದು ಅನ್ನುತ್ತೀರಾ? ಗ್ರಾಹಕರು ಎಂದು ಬರೆದಿತ್ತು ಸ್ವಾಮಿ! ಗ್ರಾಹಕರೆಂದ ಮೇಲೆ ನಾನು ಓದದೆ ಇನ್ಯಾರು ಓದಬೇಕು?

ಮಾದರಿ ಒಂದು ಎರಡೂವರೆ ಪುಟ ಇತ್ತು. ‘ಮಾನ್ಯರೇ, ತಾವು ಕೇಳದಿದ್ದರೂ ಈ ಮಾದರಿಯನ್ನು ತಮ್ಮ ಪರಿಶೀಲನೆಗೆ ಒಪ್ಪಿಸುತ್ತಿದ್ದೇನೆ. ವಯಸ್ಸು ನಲವತ್ತಾರು. ಬಣ್ಣ ಮೊದಲಿನಿಂದಲೂ ಇಷ್ಟೇ, ತೊಳೆದರೆ ಹೋಗುವಂಥದ್ದಲ್ಲ. ಸಣ್ಣ ದೋಷಗಳು: ಎಡ ಮೊಣಕಾಲು ಮೆಟ್ಟಿಲು ಹತ್ತುವಾಗ ಸದ್ದು ಮಾಡುತ್ತದೆ. ಗೊರಕೆ ಇದೆ, ಮಧ್ಯಮ. ದೊಡ್ಡ ದೋಷ: ಮಾತಾಡಬೇಕಾದ ಹೊತ್ತಿನಲ್ಲಿ ಮಾತು ಬರುವುದಿಲ್ಲ.’ ಬಟ್ಟೆ ಚೆಕ್ ಮಾಡಿದ ಹಾಗೆ ತನ್ನನ್ನೇ ತಿರುವಿ ತಿರುವಿ ಬರೆದುಕೊಂಡಿದ್ದ. ನಕ್ಕೆ. ಮುಂದೆ ಮುಂದೆ ಓದುತ್ತಾ ಹೋದಂತೆ ಕಾಗದಗಳು ಚಿಕ್ಕದಾಗುತ್ತಾ ಬಂದವು. ಮೂವತ್ತನೆಯದರಲ್ಲಿ ನಾಲ್ಕೇ ಸಾಲು: ‘ಹದಿನೆಂಟು ಮಿಷನ್ನುಗಳಲ್ಲಿ ನಿಮ್ಮದು ಯಾವುದೆಂದು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲೆ. ನೀವು ಹೊಲಿಗೆಯ ಕೊನೆಗೆ ಒಂದು ಗಳಿಗೆ ತಡೆದು ದಾರ ಕತ್ತರಿಸುತ್ತೀರಿ. ಉಳಿದವರು ತಡೆಯುವುದಿಲ್ಲ. ಆ ಗಳಿಗೆಗಾಗಿ ನಾನು ಕಾಯುತ್ತಿರುತ್ತೇನೆ.’

ಮಾದರಿ ನಲವತ್ತೊಂದರಲ್ಲಿ ಇದ್ದದ್ದು ಒಂದೇ ಮಾತು. ‘ಹೋಗಬೇಡಿ.’

ನನಗೆ ನಗು ಬರಲಿಲ್ಲ. ಭಾಮೈದನನ್ನು ಹಿತ್ತಲಿಗೆ ಕರೆದುಕೊಂಡು ಹೋದೆ.

“ಆ ನಲವತ್ತೊಂದನೇದು ಛಲೋ ಐತಿ. ಕಳಿಸು,” ಅಂದೆ.

ಅವನ ಕಿವಿ ಕೆಂಪಾದವು. “ಓದ್‌ಬಿಟ್ರಾ?”

“ಓದಿದೆ. ಕಳಿಸು.”

“ಇನ್ನಾ ಟೆಸ್ಟಿಂಗ್‌ನಾಗೈತೆ ಭಾವ.”

“ಒಂದು ಮಾತಿನಾಗ ಏನು ಟೆಸ್ಟ್ ಮಾಡ್ತೀಯಪಾ?”

“‘ಹೋಗಬೇಡಿ’ ಅನ್ನಾದಾ, ‘ಹೋಗಬೇಡ’ ಅನ್ನಾದಾ ಅಂತ ನೋಡ್ತಿದೀನಿ. ಬೇಡ ಅಂದ್ರೆ ಸಲುಗೆ ಜಾಸ್ತಿ ಆಗ್ತೈತೆ. ಬೇಡಿ ಅಂದ್ರೆ ನೋಟೀಸ್ ಬೋರ್ಡಿನ ತರ ಇರ್ತೈತೆ.”

“ಸೋಮವಾರ ಆಕಿ ಉತ್ತರ ಕೊಡಬೇಕು. ನೆನಪೈತೇನು?”

“ಇನ್ನೊಂದ್ ಹತ್ತು ದಿನ ಟೈಮ್ ಸಿಗಲ್ವಾ ಭಾವ? ನೀವು ಮಾತಾಡಿದ್ರೆ...”

ಬೆಂಗಳೂರಿನ ಕಾರ್ಖಾನೆಯ ಹತ್ತಿರ ಹತ್ತು ದಿನ ಚೌಕಾಸಿ ಮಾಡಿಕೊಡು ಅನ್ನುತ್ತಾನಲ್ಲ! ಹೋಗಲಿ ನಾನೇ ಅವಳಿಗೆ ಹೇಳಿಬಿಡುತ್ತೇನೆ ಎಂದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ. “ಬ್ಯಾಡ ಭಾವ. ತಪ್ಪಾಗಿ ತಲುಪಿದ್ರೆ ವಾಪಸ್ ತಗಳಾಕೆ ಆಗಲ್ಲ.” ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳೂ ತಲೆ ಅಲ್ಲಾಡಿಸಿ, “ಅವನೇ ಹೇಳ್ಬೇಕು ಕಣ್ರಿ. ಇಲ್ದಿದ್ರೆ ಅದು ನಿಮ್ಮ ವ್ಯಾಪಾರ ಆಗ್ತೈತೆ,” ಅಂದಳು. ಇಷ್ಟು ವರ್ಷದಲ್ಲಿ ಅವಳು ನನ್ನ ವ್ಯಾಪಾರವನ್ನು ಬೈದದ್ದು ಅದೇ ಮೊದಲು. ಆ ಯೋಚನೆ ಕೈಬಿಟ್ಟೆ. ಗುರುವಾರ ಕಳೆಯಿತು, ಶುಕ್ರವಾರ ಕಳೆಯಿತು. ಅವನು ಬಾಯಿ ಬಿಡಲಿಲ್ಲ.

ಹುಬ್ಬಳ್ಳಿಯ ಆರ್ಡರ್ ಮಾತ್ರ ಕಾಯುವಂತಿರಲಿಲ್ಲ. ಪರೀಕ್ಷೆ ನಿಲ್ಲಿಸಿ ನಿಜವಾದ ಪೋಸ್ಟಾಫೀಸಿಗೆ ಹೋಗಲು ಅವನು ಹತ್ತು ದಿನ ಕೇಳಿದ್ದ, ನಾನು ಒಂದು ಅಂದಿದ್ದೆ, ನಾಲ್ಕಕ್ಕೆ ಕುದುರಿತ್ತು. ಆ ನಾಲ್ಕನೆಯ ದಿನ ಶನಿವಾರ. ಮಧ್ಯಾಹ್ನದ ಊಟ ಮುಗಿದ ಮೇಲೆ ಲೈನಿನ ಹೆಂಗಸರೆಲ್ಲ ಕಂಪ್ಯೂಟರಿನ ಸುತ್ತ ನಿಂತರು. ನನ್ನ ಹೆಂಡತಿ ಪರದೆಯ ಅಂಚಿಗೆ ಕುಂಕುಮ ಇಟ್ಟು ಕಾಯಿ ಒಡೆದಳು. ಭಾಮೈದ ಬಾಗಿಲಿನ ನಂಬರು ಬದಲಾಯಿಸಿದ. ಮೊದಲ ನಿಜವಾದ ಕಾಗದ ಹೋಯಿತು. ಎರಡು ನಿಮಿಷಕ್ಕೆ ಹುಬ್ಬಳ್ಳಿಯಿಂದ ಫೋನು ಬಂತು. “ಮೇಲ್ ಮುಟ್ಟೈತ್ರಿ. ಒಕ್ಕಣಿ ಭಾಳ ಚಂದ ಬರದೀರಿ.” ಹೆಂಗಸರು ಚಪ್ಪಾಳೆ ತಟ್ಟಿದರು.

ಇನ್ನು ಸುಳ್ಳು ಪೋಸ್ಟಾಫೀಸಿನಿಂದ ಏನಾಗಬೇಕು? ಎಲ್ಲವನ್ನೂ ಅಳಿಸುವ ಗುಂಡಿಯ ಮೇಲೆ ಅವನ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒತ್ತಿದ. ಮೂರು ಸಾಲಿನ ಹೆಸರಿನವನು, ಸಿಡುಕ, ಬೆಪ್ಪ, ಡಿ. ಹಿರೇಹಾಳದ ಗ್ರಾಹಕರು, ಎಲ್ಲರೂ ಒಟ್ಟಿಗೆ ಹೋದರು. ಪರದೆ ಬಿಳಿಯಾಯಿತು.

“ಎಲ್ಲಾ ಅಳಿಸಿಬಿಟ್ರೇನ್ರಿ?” ಹಿಂದಿನಿಂದ ಹೊನ್ನೂರಮ್ಮನ ದನಿ.

ಭಾಮೈದ ತಿರುಗಲಿಲ್ಲ. “ಹ್ಞೂಂ. ಎಲ್ಲಾ ಸುಳ್ಳು ಕಾಗದಗಳು ಕಣ್ರಿ. ಟೆಸ್ಟಿಂಗಿಂದು.”

“ನಲವತ್ತೊಂದನೇದೂ ಸುಳ್ಳೇನ್ರಿ?”

ಆಗ ನನಗೆ ಹೊಳೆಯಿತು. ದಿನಾ ಸಂಜೆ ಎಷ್ಟು ಪ್ಯಾಂಟು ಹೊಲಿದು ಆಯಿತೆಂದು ಬರೆಯಲು ಆ ಕಂಪ್ಯೂಟರಿಗೆ ಕೂರುವವಳು ಹೊನ್ನೂರಮ್ಮ. ಯಾರಿಗೂ ತಲುಪದಂತೆ ಭದ್ರ ಮಾಡಿದ ಕಾಗದಗಳನ್ನು ನಮ್ಮ ಜಾಣ ಅದೇ ಪರದೆಯ ಮೇಲೆ ತೆರೆದಿಟ್ಟು ಚಹಾಕ್ಕೆ ಹೋಗುತ್ತಿದ್ದ!

“ನೀವು... ಅದನ್ನ...” ಅಂದ ಅವನು.

“ಡಿ. ಹಿರೇಹಾಳದ ಗ್ರಾಹಕರು ಅಂತ ಕಂಡ್ರ ಓದಬಾರದೇನ್ರಿ? ಈ ಮನಿಯಾಗ ನಮ್ಮೂರವರು ಬ್ಯಾರೆ ಯಾರದಾರ?” ಅವಳ ದನಿ ಎಂದಿನಷ್ಟು ಜೋರಿರಲಿಲ್ಲ. “ಮೊದಲನೇದರಾಗ ಗೊರಕಿ ಹೊಡೀತೀನಿ ಅಂತ ಬರದಿದ್ರಿ. ಆರನೇದರಾಗ ಅದನ್ನ ತಗದ್ರಿ. ಹನ್ನೆರಡನೇದರಾಗ ಮತ್ತ ಹಾಕಿದ್ರಿ. ಆವಾಗ ಅನಿಸ್ತು ನನಗ, ಈ ಮನಷ್ಯಾ ಮುಚ್ಚಿಡಂಗಿಲ್ಲ ಅಂತ.”

ಅವನು ಎದ್ದು ನಿಂತ. ನನ್ನನ್ನು ನೋಡಿದ. ನಾನು ಬೇರೆ ಕಡೆ ನೋಡಿದೆ. ಅಕ್ಕನನ್ನು ನೋಡಿದ. ಅವಳು ಕೈಯಲ್ಲಿ ಕಾಯಿಯ ಹೋಳು ಹಿಡಿದು ಗೋಡೆಯ ಹಾಗೆ ನಿಂತಿದ್ದಳು.

“ಕಾಗದ ಅಂತೂ ಹೋತು,” ಅಂದಳು ಹೊನ್ನೂರಮ್ಮ. “ಈಗ ಬಾಯಿಲೆ ಹೇಳ್ರಿ.”

ಆ ಮನುಷ್ಯ ತನ್ನ ಜನ್ಮದಲ್ಲಿ ಮೊದಲ ಸಲ, ಮೊದಲೇ ಆಡಿ ನೋಡದ ಮಾತೊಂದನ್ನು ಆಡಲು ಹೊರಟಿದ್ದ.

“ಹೋಗ್ಬೇಡಿ ಕಣ್ರಿ,” ಅಂದ.

ಹೊನ್ನೂರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಬರಂಗಿಲ್ಲ ಅಂತ ಅವರಿಗೆ ನಿನ್ನೇನ ಈಮೇಲ್ ಹಾಕೀನ್ರಿ,” ಅಂದಳು. “ಒಂದ ಸಲ ಬರದೆ. ಕಳಿಸಿದೆ.”

“ನಿನ್ನೇನಾ? ನಾನಿನ್ನೂ ಹೇಳೇ ಇರ್ಲಿಲ್ವಲ್ಲ. ಹೇಳ್ದೇನೆ ಇದ್ದಿದ್ರೆ?”

“ಹೇಳದಿದ್ರೂ ಇರ್ತಿದ್ದೆ. ನಲವತ್ತೆರಡನೇದು ಓದಾಕ.”

ನನ್ನ ಹೆಂಡತಿ ಕಾಯಿಯ ಹೋಳನ್ನು ಕೆಳಗಿಟ್ಟು ಹೆಂಗಸರನ್ನೆಲ್ಲ ಹಿತ್ತಲಿಗೆ ಕರೆದುಕೊಂಡು ಹೋದಳು. ನಾನೂ ಅವರ ಹಿಂದೆಯೇ ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ. ಆ ದಿನ ಹದಿನೆಂಟು ಮಿಷನ್ನುಗಳೂ ಎಷ್ಟು ಹೊತ್ತು ನಿಂತಿದ್ದವೋ ನನಗೆ ಗೊತ್ತಿಲ್ಲ. ನಾನು ಗಡಿಯಾರ ನೋಡಲಿಲ್ಲ.